ಡಿಸ್ಕು ಸೀಟಿನ ಕೆಳಗ, ಕೀಲಿ ಅಪ್ಪನ ಕೈಯಾಗ

ಕಾರಿಗೊಂದು ಕಂಪ್ಯೂಟರ್ ಕೂಡಿಸಲು ಹೊರಟವರು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಗಳಲ್ಲಿ ಮೊದಲು ಕೇಳುವುದು, ‘ಡಿಸ್ಕ್ ಎಷ್ಟ್ ಟಿಬಿದ್ದ ಐತ್ರಿ?’ ಟಿಬಿ ಎಂದರೆ ಟೆರಾಬೈಟ್, ಸಾವಿರ ಜಿಬಿ. ಅಪ್ಪನ ವಚನ, ಮಕ್ಕಳ ಕಾರ್ಟೂನ್, ಡ್ಯಾಶ್‌ಕ್ಯಾಮ್‌ನ ವಿಡಿಯೊ ಎಲ್ಲ ಹಿಡಿಸಬೇಕಲ್ಲ! ಎಷ್ಟು ಬಿಸಿಲು ತಡೆದೀತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೈ ಬಿಗಿ ಇದ್ದವರು ಅಂಗಡಿಗೂ ಹೋಗುವುದಿಲ್ಲ: ‘ಹಳೇ ಲ್ಯಾಪ್‌ಟಾಪಿಂದು ಮನ್ಯಾಗ ಬಿದ್ದೈತಲ್ಲ, ಅದನ್ನ ಹಾಕೂಣು.’

ಆ ಹಳೆಯದರೊಳಗೆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ಓದಿ ಬರೆಯುವ ಹೆಡ್ ತೇಲುತ್ತಿರುತ್ತದೆ. ಓಡುತ್ತಿರುವಾಗ ಡೆಸ್ಕ್‌ಟಾಪಿನ ಡಿಸ್ಕ್ ಸುಮಾರು 70 ಜಿ, ಲ್ಯಾಪ್‌ಟಾಪಿನದು 300–400 ಜಿ ಪೆಟ್ಟು ತಡೆಯುತ್ತದೆ ಎಂದು ಡಬ್ಬಿಯ ಲೆಕ್ಕ. ಒಂದು ಜಿ ಎಂದರೆ ಭೂಮಿಯ ಗುರುತ್ವದಷ್ಟು ಜೋರು. ಚಿಪ್‌ಗಳಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ. ಅದರದು 1500 ಜಿ. ರಸ್ತೆಯ ಯಾವ ಗುಂಡಿಯೂ 400 ಜಿ ಕೊಡಲಾರದು ನಿಜ, ಉಣಕಲ್ಲಿನ ಕಡೆ ಮಳೆನೀರು ತುಂಬಿ ಆಳ ತಿಳಿಯದ ಗುಂಡಿಯೂ ಸೇರಿ. ಆದರೆ ಆ 400 ಜಿ ಲೆಕ್ಕ ಎರಡು ಮಿಲಿಸೆಕೆಂಡಿನ ಒಂದೇ ಪೆಟ್ಟಿಗೆ. ತಟ್ಟೆಯ ಡಿಸ್ಕನ್ನು ಕೊಲ್ಲುವುದು ಬಿಡದ ನಡುಕ. ಹೆಡ್ ದಾರಿ ತಪ್ಪುತ್ತದೆ, ಮತ್ತೆ ಹುಡುಕುತ್ತದೆ, ಹಾಡು ತೊದಲುತ್ತದೆ. ಕಡೆಗೊಂದು ದಿನ ರೊಟ್ಟಿ ಬಡಿದ ಹಾಗೆ ‘ಟಪ್ ಟಪ್’ ಸದ್ದು. ಅಡುಗೆಮನೆಯಿಂದ ಬಂದರೆ ಊಟ, ಡಿಸ್ಕಿನಿಂದ ಬಂದರೆ ತಿಥಿ.

ಹಾಗಾಗಿ ಎಸ್‌ಎಸ್‌ಡಿಯೇ ಸರಿ. ಇದರಲ್ಲಿ ಚರ್ಚೆ ಇಲ್ಲ. ಬರೆದು ಬರೆದು ಸವೆದೀತೆಂಬ ಅಂಜಿಕೆಯೂ ಬೇಡ. ಸೆಕೆಂಡಿಗೆ 16 ಮೆಗಾಬಿಟ್‌ನ ವಿಡಿಯೊ ಗಂಟೆಗೆ 7.2 ಜಿಬಿ. ದಿನಕ್ಕೆ ಎರಡು ಗಂಟೆ ಓಡಿಸಿದರೆ ವರ್ಷಕ್ಕೆ ಐದೂಕಾಲು ಟಿಬಿ. 80 ಟಿಬಿ ಬರೆಯುವ ಭರವಸೆಯ ಅಗ್ಗದ ಡ್ರೈವ್ ಕೂಡ 15 ವರ್ಷ ಬಂದೀತು. ಅಷ್ಟರಲ್ಲಿ ಕಾರು ಗುಜರಿ ಸೇರಿರುತ್ತದೆ.

ಬಿಸಿಲಿನದು ಬೇರೆ ಕಥೆ. ಸಾಮಾನ್ಯ ಎಸ್‌ಎಸ್‌ಡಿಯ ಮಿತಿ 70 ಡಿಗ್ರಿ. ಏಪ್ರಿಲ್‌ನಲ್ಲಿ ಗಾಜು ಏರಿಸಿ ಚನ್ನಮ್ಮ ಸರ್ಕಲ್ ಬಳಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಆ ಮಿತಿ ಮುಟ್ಟೀತು. ಆದ್ದರಿಂದ ಜಾಗ ಸೀಟಿನ ಕೆಳಗೆ. ದುಡ್ಡಿದ್ದರೆ 85 ಡಿಗ್ರಿ ತಡೆಯುವ ಇಂಡಸ್ಟ್ರಿಯಲ್ ಡ್ರೈವ್ ತರಬಹುದು. ‘ಪೆಟ್ಟ್ ಬಡೀಬಾರ್ದು’ ಎಂದು ಥರ್ಮೋಕೋಲ್, ಸ್ಪಂಜು ಸುತ್ತುವ ಪ್ರೀತಿವಂತರಿದ್ದಾರೆ. ಎಸ್‌ಎಸ್‌ಡಿಗೆ ಅದು ಏಪ್ರಿಲ್‌ನಲ್ಲಿ ಕಂಬಳಿ ಹೊದಿಸಿದಂತೆ! ಲೋಹದ ಪಟ್ಟಿಗೆ ನೇರ ಸ್ಕ್ರೂ ಹಾಕಿದರೆ ಬಿಸಿ ತಾನೇ ಹರಿದು ಹೋಗುತ್ತದೆ. ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ ಮಾತ್ರ ಕ್ಲಿಪ್ ಇರುವಂಥದ್ದೇ ಇರಲಿ. ಇಲ್ಲದ್ದು ಗದಗ ಮುಟ್ಟುವುದರೊಳಗೆ ಸಡಿಲಾದೀತು.

ಇಷ್ಟೆಲ್ಲ ಮಾಡಿದ ಮೇಲೆ ಡ್ರೈವಿಗೆ ಉಳಿಯುವ ವೈರಿ ಕೀಲಿ.

‘ಅಪ್ಪಾ, ಒಂದ್ ನಿಮಿಷ ತಡಿಯಪಾ, ಶಟ್‌ಡೌನ್ ಆಗ್ಲಿ.’

‘ಮನಿ ಬಂತಲ್ಲೋ, ಇನ್ನೇನ್ ತಡಿಯೂದು? ಡೀಸೆಲ್ ನಿಮ್ಮಾವ ಹಾಕಸ್ತಾನೇನು?’

ಕಟ್! ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯನ್ನು ಎಸ್‌ಎಸ್‌ಡಿ ಆಗಾಗ ಬರೆದಿಡುತ್ತಿರುತ್ತದೆ. ನಡುವೆಯೇ ಕರೆಂಟ್ ಹೋದರೆ ಕಡತವಷ್ಟೇ ಅಲ್ಲ, ಒಮ್ಮೊಮ್ಮೆ ಡ್ರೈವೇ ಕಾಣೆಯಾಗುತ್ತದೆ. ಅದಕ್ಕೇ ಕರೆಂಟ್ ಹೋದಾಗಿನ ರಕ್ಷಣೆಗೆ, ತುಸು ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇರುವ ಡ್ರೈವ್ ನೋಡಿ. ಜತೆಗೆ 6ರಿಂದ 30 ವೋಲ್ಟ್ ತನಕ ನಿಭಾಯಿಸುವ ಕಾರಿನ ಪವರ್ ಸಪ್ಲೈ ಬೇಕು. ಸೆಲ್ಫ್ ಹೊಡೆದಾಗ ಬ್ಯಾಟರಿ 9 ವೋಲ್ಟಿಗೆ ಬೀಳುತ್ತದೆ, ಎಂಜಿನ್ ಓಡುವಾಗ 14.4ಕ್ಕೆ ಏರುತ್ತದೆ, ಈ ಹಾರಾಟವನ್ನೆಲ್ಲ ಅದು ತಡೆಯಬೇಕು.

ಈ ಪವರ್ ಸಪ್ಲೈಗೆ ಮೂರು ವೈರು: ಬ್ಯಾಟರಿಯಿಂದ ನೇರ ಒಂದು, ಕಾರಿನ ಲೋಹದ ಮೈಗೆ ಅರ್ತ್ ಒಂದು, ಕೀಲಿ ತಿರುವಿದ್ದನ್ನು ತಿಳಿಸುವ ಎಸಿಸಿ ಒಂದು. ಕೀಲಿ ತೆಗೆದರೆ ಸಪ್ಲೈ ಕಂಪ್ಯೂಟರಿಗೆ ಮುಚ್ಚಿಕೊಳ್ಳಲು ಹೇಳಿ, ಮುಚ್ಚಿದ ಮೇಲೆ ಕರೆಂಟ್ ಕಡಿಯುತ್ತದೆ. ‘ಬ್ಯಾಟರಿದು, ಎಸಿಸಿದು ಎರಡನ್ನೂ ಒಂದಕ್ಕ ಜೋಡಸ್ತೀನ್ರಿ ಸಾಹೇಬ್ರ, ಏನಾಗಂಗಿಲ್ಲ’ ಎಂಬ ಎಲೆಕ್ಟ್ರಿಷಿಯನ್‌ಗೆ ಒಪ್ಪಬೇಡಿ. ಬ್ಯಾಟರಿಗೆ ಜೋಡಿಸಿದರೆ ಕಂಪ್ಯೂಟರ್ ರಾತ್ರಿಯಿಡೀ ಎದ್ದಿರುತ್ತದೆ, ಬೆಳಿಗ್ಗೆ ಓಣಿಯವರೆಲ್ಲ ಕಾರು ದೂಡುತ್ತಾರೆ. ಎಸಿಸಿಗೆ ಜೋಡಿಸಿದರೆ ಮತ್ತೆ ಅಪ್ಪನದೇ ರಾಜ್ಯ. ಫ್ಯೂಸ್ ಬ್ಯಾಟರಿಗೆ ಹತ್ತಿರವೇ ಇರಲಿ; ಸೀಟಿನ ಕೆಳಗಿಟ್ಟರೆ ನಡುವಿನ ವೈರಿಗೆ ಕಾವಲೇ ಇಲ್ಲ.