ವಾರ್ಸಾ ಹಳೇ ಪೇಟೆ ಚೌಕದ ಫೋಟೋ ಬಗ್ಗೆ ಒಂದು ಸ್ಪಷ್ಟನೆ

ಪೋಲೆಂಡಿನ ವಾರ್ಸಾದ ಹಳೇ ಪೇಟೆ ಚೌಕದ ಫೋಟೋ ಹಾಕಿ "700 ವರ್ಷದಿಂದ ಒಂದು ಇಟ್ಟಿಗೆನೂ ಅಲ್ಲಾಡಿಲ್ಲ, ನೋಡಿ ಹೆಂಗೆ ಕಾಪಾಡ್ಕೊಂಡಿದಾರೆ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಚೌಕ ಹಳೇದು, ಅದ್ರಲ್ಲಿ ಡೌಟಿಲ್ಲ. ಆದ್ರೆ ಫೋಟೋದಲ್ಲಿರೋ ಆ ಬಣ್ಣಬಣ್ಣದ ಮನೆಗಳು ಹೆಚ್ಚುಕಮ್ಮಿ ನಮ್ಮಪ್ಪನ ವಯಸ್ಸಿನವು ಅಷ್ಟೇ!

1607ರಲ್ಲೇ ಒಂದ್ಸಲ ಬೆಂಕಿ ಬಿದ್ದು ಮತ್ತೆ ಕಟ್ಟಿದ್ರು, ಚೌಕದ ಮಧ್ಯದಲ್ಲಿದ್ದ ಟೌನ್‌ಹಾಲ್‌ನ 1817ರಲ್ಲಿ ಕೆಡವಿದ್ರು, ಅದಕ್ಕೇ ಈಗ ಅಲ್ಲಿ ಮಧ್ಯ ಖಾಲಿ ಜಾಗ, ಮತ್ಸ್ಯಕನ್ಯೆ ಮೂರ್ತಿ ಇರೋದು. ಇನ್ನು ಎರಡನೇ ಮಹಾಯುದ್ಧದಲ್ಲಿ ಊರು ಹಿಡ್ಕೊಂಡಿದ್ದ ಜರ್ಮನ್ನರ ವಿರುದ್ಧ ವಾರ್ಸಾದವರು 1944ರಲ್ಲಿ ಎದ್ದ ದಂಗೆ ಸೋತ ಮೇಲೆ ಜರ್ಮನ್ನರು ಬೇಕಂತಲೇ ಊರನ್ನ ಸಾಲಾಗಿ ಸುಟ್ಟು ಸ್ಫೋಟಿಸಿದ್ರು, ಹಳೇ ಊರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ನೆಲಸಮ, ಚೌಕದಲ್ಲಿ ಉಳಿದಿದ್ದು ಅಲ್ಲೊಂದು ಇಲ್ಲೊಂದು ಗೋಡೆ.

ಮತ್ತೆ ಕಟ್ಟೋಕಾಗಿದ್ದು ಹೆಂಗೆ ಅಂದ್ರೆ, ಯುದ್ಧಕ್ಕೆ ಮುಂಚೆ ಆರ್ಕಿಟೆಕ್ಚರ್ ಓದ್ತಿದ್ದ ಹುಡುಗ್ರು ಅಳತೆ ಹಿಡಿದು ಬರೆದಿದ್ದ ನಕ್ಷೆಗಳನ್ನ ಕದ್ದು ಸಾಗಿಸಿ, ಪೋಲೆಂಡಿನದೇ ಇನ್ನೊಂದು ಊರಾದ ಪಿಯೋತ್ರ್‌ಕೂಫ್‌ನ ಮಠದ ಸಮಾಧಿಗಳೊಳಗೆ ಬಚ್ಚಿಟ್ಟಿದ್ರು (ಇದನ್ನ ಯಾಕೆ ಯಾರೂ ಫಾರ್ವರ್ಡ್ ಮಾಡಲ್ಲ ಮಾರಾಯ್ರೆ?). 18ನೇ ಶತಮಾನದ ಇಟಲಿ ಚಿತ್ರಕಾರ ಬೆಲ್ಲೊಟ್ಟೋನ ಪೇಂಟಿಂಗ್‌ಗಳೂ ಹಳೇ ಊರು ಕಟ್ಟೋಕೆ ಸಹಾಯಕ್ಕೆ ಬಂದ್ವು. ಬೇರೆ ಊರುಗಳ ಅವಶೇಷದಿಂದಲೂ ಇಟ್ಟಿಗೆ ತಂದ್ರು. 1953ರ ಜುಲೈ 22ಕ್ಕೆ ಚೌಕ ತೆರೀತು. ಹಂಗಂತ ಪೂರ್ತಿ ಜೆರಾಕ್ಸ್ ಅಲ್ಲ, ಮುಂಭಾಗ ಹಳೇ ಥರ, ಒಳಗೆ ಹೊಸ ಫ್ಲ್ಯಾಟು, ಗಾಳಿ ಬೆಳಕು ಬರ್ಲಿ ಅಂತ ಹಿತ್ತಲಿನ ಇಕ್ಕಟ್ಟು ಕಟ್ಟಡಗಳನ್ನ ಬಿಟ್ಟೇಬಿಟ್ರು.

ಯುನೆಸ್ಕೋ 1980ರಲ್ಲಿ ಹಳೇ ಊರನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದೂ ಹಾಗೇ ಉಳೀತು ಅಂತಲ್ಲ, ಇಷ್ಟು ನಿಖರವಾಗಿ ಮತ್ತೆ ಕಟ್ಟಿದ್ರಲ್ಲ ಅಂತ.