ಅನುಮಾನದ ಮೊದಲ ಅಲೆ

ಮೊದಲೆಲ್ಲ ಕೆಮ್ಮಿಗೆ ಎಷ್ಟೊಂದು ಉಪಯೋಗಗಳಿದ್ದವು! ಬಾಗಿಲ ಹೊರಗೆ ನಿಂತವರು ತಾವು ಬಂದಿದ್ದೇವೆ ಅಂತ ತಿಳಿಸಲು ಕೆಮ್ಮುತ್ತಿದ್ದರು. ಭಾಷಣಕಾರರು ಮುಂದಿನ ಮಾತು ನೆನಪಾಗುವವರೆಗೆ ಕೆಮ್ಮುತ್ತಿದ್ದರು. ನಮ್ಮ ಅಪ್ಪ, ಅಮ್ಮನ ಮಾತು ತಮ್ಮ ಕಡೆ ತಿರುಗುತ್ತಿದೆ ಅನ್ನಿಸಿದ ಕೂಡಲೇ ಕೆಮ್ಮಿಕೊಂಡು ಎದ್ದು ಹೋಗುತ್ತಿದ್ದರು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಗತ್ತಿಗೇ ಹರಡುವ ಪಿಡುಗು ಅಂತ ಸಾರಿದ್ದೇ ತಡ, ಈ ಎಲ್ಲ ಸೌಲಭ್ಯಗಳೂ ಒಟ್ಟಿಗೇ ರದ್ದಾದವು. ಕೆಮ್ಮಿದವರು ಆರೋಪಿ. ಗಂಟಲು ಸರಿಮಾಡಿಕೊಂಡವರು ಶಂಕಿತರು.

ಕೆಮ್ಮಬಾರದು ಅಂತ ಆದ ಮೇಲೆ ಬರುವ ಕೆಮ್ಮಿದೆಯಲ್ಲ, ಅದರ ಹಟವೇ ಬೇರೆ. ಲಿಫ್ಟ್ ಬಾಗಿಲು ಮುಚ್ಚಿದ ತಕ್ಷಣ ಗಂಟಲಲ್ಲಿ ಏನೋ ಸಣ್ಣಗೆ ಹರಿದಾಡುತ್ತಿತ್ತು. ಕಣ್ಣಲ್ಲಿ ನೀರು, ಕಿವಿ ಕೆಂಪು, ಕೆನ್ನೆ ಉಬ್ಬಿ ಬಂದಿದೆ. ಆದರೂ ಬಾಯಿ ಬಿಡುವಂತಿಲ್ಲ. ಪಕ್ಕದಲ್ಲಿದ್ದವರು ನನ್ನ ಅವತಾರ ನೋಡಿ, ಕೆಮ್ಮಿದ್ದರೆ ಎಷ್ಟು ಹೆದರುತ್ತಿದ್ದರೋ ಅದಕ್ಕಿಂತ ಜಾಸ್ತಿ ಹೆದರಿ, ತಮ್ಮದಲ್ಲದ ಮಹಡಿಯಲ್ಲಿ ಇಳಿದುಬಿಡುತ್ತಿದ್ದರು. ಆಫೀಸಿನ ಮೀಟಿಂಗ್‌ಗಳು ಕಂಪ್ಯೂಟರಿಗೆ ಬಂದಿದ್ದು ಒಂದು ಪುಣ್ಯ. ಮ್ಯೂಟ್ ಒತ್ತಿ ಹೊಟ್ಟೆ ತುಂಬ ಕೆಮ್ಮಬಹುದಿತ್ತು. ಪರದೆ ಮೇಲೆ ಹನ್ನೆರಡು ಚೌಕಗಳಿದ್ದರೆ, ನಾಲ್ಕೈದು ಚೌಕಗಳಲ್ಲಿ ಶಬ್ದವಿಲ್ಲದೆ ಹೆಗಲುಗಳು ಕುಣಿಯುತ್ತಿದ್ದವು. ಎಲ್ಲರಿಗೂ ಎಲ್ಲ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ವಿಚಾರಣೆ ತಪ್ಪುತ್ತಿರಲಿಲ್ಲ.

"ಈಗ ಕೆಮ್ಮಿದ್ದು ಯಾರು?" ಒಳಗಿನಿಂದ ಹೆಂಡತಿ.

"ನಾನೇ. ನೀರು ಕುಡಿಯುವಾಗ ನೆತ್ತಿಗೆ ಹತ್ತಿತು."

"ಒಣ ಕೆಮ್ಮೋ, ಕಫದ್ದೋ?"

ನೀರು ನೆತ್ತಿಗೆ ಹತ್ತಿ ಬಂದ ಕೆಮ್ಮು ಒಣದು ಹೇಗಾಗುತ್ತದೆ? ಆದರೆ ಆಗ ಅಂಥ ತರ್ಕಕ್ಕೆಲ್ಲ ಯಾರಿಗೂ ಪುರುಸೊತ್ತಿರಲಿಲ್ಲ. ಒಣ ಕೆಮ್ಮು, ಜ್ವರ, ಸುಸ್ತು ಅಂತ ಟೀವಿಯಲ್ಲಿ ಮೂರು ಹೇಳಿದ್ದರು. ಮೂರರಲ್ಲಿ ಸುಸ್ತು ನನಗೆ ಮದುವೆಗೆ ಮುಂಚಿನಿಂದಲೂ ಇದೆ. ಹಾಗಾಗಿ ದಿನಾ ಬೆಳಿಗ್ಗೆ ಏಳುವಾಗಲೇ ನನ್ನ ಲೆಕ್ಕ ಒಂದರಿಂದ ಶುರುವಾಗುತ್ತಿತ್ತು.

ಜ್ವರದ ಮೇಲ್ವಿಚಾರಣೆ ಅಪ್ಪನದು. ಅವರ ಹತ್ತಿರ ಹಳೆಯ ಕಾಲದ ಪಾದರಸದ ಥರ್ಮಾಮೀಟರ್ ಒಂದಿತ್ತು. ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿದರೆ ಒಂದು ಕೋನದಲ್ಲಿ ಮಾತ್ರ ಗೆರೆ ಕಾಣುತ್ತಿತ್ತು. ಆ ಕೋನ ಅಪ್ಪನಿಗಷ್ಟೇ ಗೊತ್ತು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಅನ್ನುವುದು ವೈದ್ಯರ ಲೆಕ್ಕ. ಅಪ್ಪ ಅಷ್ಟು ದೂರ ಕಾಯುವವರಲ್ಲ. 99 ಕಂಡರೆ ಸಾಕು, "ಹತ್ತುತ್ತಾ ಇದೆ" ಅನ್ನುತ್ತಿದ್ದರು. ಅದೇ ಹೊತ್ತಿಗೆ ಗಂಟೆಗೊಮ್ಮೆ ಬಿಸಿನೀರು ಕುಡಿದರೆ ವೈರಸ್ ಹೊಟ್ಟೆಗೆ ಕೊಚ್ಚಿಕೊಂಡು ಹೋಗಿ ಸಾಯುತ್ತದೆ ಅಂತ ಒಂದು ಸಂದೇಶ ಊರೆಲ್ಲ ಸುತ್ತುತ್ತಿತ್ತು. ಅದನ್ನು ನಂಬಿ ನಾವೆಲ್ಲ ಬಿಸಿನೀರು ಕುಡಿಯುತ್ತಿದ್ದೆವು. ಕುಡಿದ ಕೂಡಲೇ ಅಪ್ಪ ಬಾಯಿಗೆ ಥರ್ಮಾಮೀಟರ್ ಇಡುತ್ತಿದ್ದರು. ಬಿಸಿನೀರು ಕುಡಿದ ಬಾಯಲ್ಲಿ ಪಾದರಸ ಏರದೆ ಇನ್ನೇನು ಮಾಡುತ್ತದೆ? ಏರುತ್ತಿತ್ತು. ಏರಿದ್ದಕ್ಕೆ ಹೆದರಿ ಇನ್ನೊಂದು ಲೋಟ ಬಿಸಿನೀರು. ಆಮೇಲೆ ಮತ್ತೆ ಥರ್ಮಾಮೀಟರ್. ಮಗಳು ಐಸ್ ನೀರು ಕುಡಿದು ಅಳತೆಗೆ ಕೂತು, ಎಲ್ಲರಿಗಿಂತ ಆರೋಗ್ಯವಂತೆ ಅನ್ನಿಸಿಕೊಂಡಳು.

ಇನ್ನು ಮುಖ ಮುಟ್ಟಬಾರದು ಅನ್ನುವ ನಿಯಮ. ಆಸ್ಟ್ರೇಲಿಯಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ವಿಡಿಯೊದಲ್ಲಿ ಹಿಡಿದು ಎಣಿಸಿದಾಗ, ಅವರು ಸರಾಸರಿ ಗಂಟೆಗೆ 23 ಸಲ ಮುಖ ಮುಟ್ಟಿಕೊಳ್ಳುತ್ತಿದ್ದರಂತೆ. 2015ರಲ್ಲಿ ಪ್ರಕಟವಾದ ಅಧ್ಯಯನ. ಯಾವುದೋ ಮೂಲೆಯಲ್ಲಿ ಸುಮ್ನೆ ಬಿದ್ದಿದ್ದ ಈ ಅಂಕಿ 2020ರಲ್ಲಿ ಇದ್ದಕ್ಕಿದ್ದಂತೆ ಎಲ್ಲರ ಬಾಯಿಗೂ ಬಂತು. ಡಾಕ್ಟರಾಗುವವರೇ ಹೀಗಾದರೆ ನಮ್ಮ ಗತಿ ಏನು ಅಂತ ಹೆಂಡತಿ ಮಗಳನ್ನು ಕಾವಲಿಗೆ ಹಾಕಿದಳು. ಯಾರಾದರೂ ಮುಖದ ಹತ್ತಿರ ಕೈ ಒಯ್ದರೆ ಮಗಳು ಸೀಟಿ ಊದಬೇಕು. ಮೂಗಿಗೆ ಇದು ಹೇಗೋ ತಿಳಿದುಹೋಯಿತು. ಅಷ್ಟು ವರ್ಷ ತನ್ನ ಪಾಡಿಗೆ ತಾನಿದ್ದ ಮೂಗು ತುರಿಸಲು ಶುರುವಾಯಿತು. ಒಂದು ಕಡೆ ಅಲ್ಲ, ಜಾಗ ಬದಲಾಯಿಸಿಕೊಂಡು ತುರಿಸುತ್ತಿತ್ತು. ನಾನು ಬಾಗಿಲ ಚೌಕಟ್ಟಿಗೆ ಮೂಗು ಉಜ್ಜುವುದನ್ನು ಕಂಡುಹಿಡಿದೆ. ಕೈ ತಾಗಿಲ್ಲವಲ್ಲ! ಮಗಳು ನಿಯಮಾವಳಿ ಯೋಚಿಸಿ, ಚೌಕಟ್ಟನ್ನು ಎಲ್ಲರೂ ಮುಟ್ಟುತ್ತಾರೆ ಅಂತ ಎರಡು ಸಲ ಸೀಟಿ ಊದಿದಳು. ಅಮ್ಮ ಮಾತ್ರ ಈ ನಿಯಮವನ್ನು ಶಿಸ್ತಿನಿಂದ ಪಾಲಿಸಿದರು. ರಾತ್ರಿ ಮಲಗುವ ಮುಂಚೆ ಮುಖಕ್ಕೆ ಕ್ರೀಮ್ ಹಚ್ಚುವ ಅಭ್ಯಾಸವನ್ನೂ ಬಿಟ್ಟುಬಿಟ್ಟರು. ಇದನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಆ ದಿನಗಳ ನಿಜವಾದ ಕಷ್ಟ ಏನೆಂದರೆ, ಗೊತ್ತಿದ್ದವರಿಗೂ ಪೂರ್ತಿ ಗೊತ್ತಿರಲಿಲ್ಲ. ರೋಗ ಹೊಸದು, ವಿಜ್ಞಾನಿಗಳು ಕಲಿಯುತ್ತಲೇ ಹೇಳುತ್ತಿದ್ದರು, ಹೇಳುತ್ತಲೇ ತಿದ್ದುತ್ತಿದ್ದರು. ಅದು ಅವರ ಪ್ರಾಮಾಣಿಕತೆ. ಆದರೆ ತಿದ್ದುಪಡಿ ನಮ್ಮ ಮನೆ ತಲುಪುವ ಹೊತ್ತಿಗೆ ನಾವು ಹಳೆಯ ಆದೇಶವನ್ನು ಗೋಡೆಗೆ ಅಂಟಿಸಿ ಆಗಿರುತ್ತಿತ್ತು. ಮಾಸ್ಕ್ ನೋಡಿ. ಆರೋಗ್ಯವಾಗಿದ್ದವರಿಗೆ ಬೇಡ, ಆಸ್ಪತ್ರೆಯವರಿಗೆ ಬಿಟ್ಟುಕೊಡಿ ಅಂದರು. ಏಪ್ರಿಲ್ ಮೊದಲ ವಾರ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಟ್ಟೆಯದ್ದಾದರೂ ಹಾಕಿ ಅಂದಿತು. ವಿಶ್ವ ಆರೋಗ್ಯ ಸಂಸ್ಥೆ ಜನ ಸೇರುವ ಕಡೆ ಹಾಕಿ ಅನ್ನುವಾಗ ಜೂನ್ ಬಂದಿತ್ತು. ಮಾಸ್ಕ್ ಬೇಡ ಅಂತ ಅಪ್ಪನ ಜೊತೆ ವಾದ ಮಾಡಿ ಗೆದ್ದಿದ್ದ ಹೆಂಡತಿ, ಈಗ ಬೇಕು ಅಂತಲೂ ವಾದ ಮಾಡಿ ಗೆದ್ದಳು. ಅಪ್ಪ ಎರಡೂ ಸಲ ಸೋತರು. ಸೋತಿದ್ದಕ್ಕಿಂತ, ಅಭಿಪ್ರಾಯ ಬದಲಾಯಿಸಲು ತಮಗೆ ಅವಕಾಶವೇ ಸಿಗಲಿಲ್ಲ ಅನ್ನುವುದು ಅವರ ದುಃಖ.

ಮಾಸ್ಕ್ ಹಾಕಿದ ಮೇಲೆ ಕನ್ನಡಕದ ಮೇಲೆ ಆವಿ ಕೂತು ದಾರಿ ಕಾಣುತ್ತಿರಲಿಲ್ಲ. ಫೋನಿಗೆ ನನ್ನ ಮುಖದ ಪರಿಚಯ ಹತ್ತುತ್ತಿರಲಿಲ್ಲ. ನನಗೂ ಬೇರೆಯವರ ಪರಿಚಯ ಹತ್ತುತ್ತಿರಲಿಲ್ಲ ಬಿಡಿ. ಒಂದು ದಿನ ಮೆಟ್ಟಿಲ ಹತ್ತಿರ ಒಬ್ಬರು "ಹೇಗಿದ್ದೀರಿ, ಎಲ್ಲ ಆರಾಮಾ?" ಅಂತ ಕೇಳಿದರು. ನಾನೂ ಎರಡು ಮೀಟರ್ ದೂರ ನಿಂತು ಮನೆಯವರ ಸಮಾಚಾರ, ಮಕ್ಕಳ ಶಾಲೆ, ಲೋಕದ ಗತಿ ಎಲ್ಲ ಮಾತಾಡಿದೆ. ಕೊನೆಗೆ ಅವರು, "ಅಂದಹಾಗೆ ತಾವು ಯಾರು ಅಂತ ಗೊತ್ತಾಗಲಿಲ್ಲ" ಅಂದರು. "ನನಗೂ ಗೊತ್ತಾಗಲಿಲ್ಲ" ಅಂದೆ. ಇಬ್ಬರಿಗೂ ಬೇಸರವಾಗಲಿಲ್ಲ. ಮಾತಾಡಿ ತುಂಬ ದಿನವಾಗಿತ್ತು, ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆವು.

ಚಿಕ್ಕಪ್ಪ ಫೋನಿನಲ್ಲೇ ಬದುಕುತ್ತಿದ್ದರು. ಬೆಳಿಗ್ಗೆ ಎದ್ದು ಹತ್ತು ಸೆಕೆಂಡ್ ಉಸಿರು ಬಿಗಿಹಿಡಿಯಿರಿ, ಕೆಮ್ಮು ಬಾರದಿದ್ದರೆ ನಿಮಗೆ ಸೋಂಕಿಲ್ಲ ಅನ್ನುವ ಸಂದೇಶ ನಮಗೆ ಬಂದಿದ್ದು ಅವರಿಂದಲೇ. ಇಡೀ ಮನೆ ಸಾಲಾಗಿ ಕೂತು ಉಸಿರು ಹಿಡಿದೆವು. ಎಂಟರಲ್ಲಿ ಅಪ್ಪನ ಮುಖ ನೋಡಿ ಮಗಳು ನಕ್ಕಳು, ಅವಳನ್ನು ನೋಡಿ ನಾನು ನಕ್ಕೆ, ನಗು ತಡೆಯಲಾಗದೆ ಎಲ್ಲರೂ ಕೆಮ್ಮಿದೆವು. ಆ ಲೆಕ್ಕದಲ್ಲಿ ಇಡೀ ಕುಟುಂಬಕ್ಕೆ ಸೋಂಕು. ಈ ಪರೀಕ್ಷೆಗೆ ಅರ್ಥವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಚಿಕ್ಕಪ್ಪ ಅದನ್ನೂ ಕಳಿಸಿದರು, "ತಪ್ಪದೆ ಹತ್ತು ಜನರಿಗೆ ಕಳಿಸಿ" ಅಂತ ಸೇರಿಸಿ. ಮನುಷ್ಯರಿಲ್ಲದ ವೆನಿಸ್ ಕಾಲುವೆಗೆ ಡಾಲ್ಫಿನ್‌ಗಳು ಮರಳಿದ ವಿಡಿಯೊ ಕಳಿಸಿದ್ದೂ ಅವರೇ. ಅದು ತೆಗೆದದ್ದು ವೆನಿಸ್‌ನಲ್ಲಲ್ಲ, ದೂರದ ಸಾರ್ಡೀನಿಯಾದ ಬಂದರಿನಲ್ಲಿ ಅಂತ ಆಮೇಲೆ ಗೊತ್ತಾಯಿತು. ನನಗೆ ಇದೊಂದು ಸುಳ್ಳಿನ ಮೇಲೆ ಕೋಪವಿಲ್ಲ. ಆ ವಾರ ಯಾರಿಗಾದರೂ ಒಳ್ಳೆಯದಾಗಿದೆ ಅಂತ ಕೇಳಿದ್ದು ಅದೊಂದೇ ಸುದ್ದಿ.

ಹೆಂಡತಿ ಇಂಥದ್ದನ್ನೆಲ್ಲ ನಂಬುವವಳಲ್ಲ. ಅವಳಿಗೆ ಅಂಕಿ ಬೇಕು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಕಪ್ಪು ಭೂಪಟದ ಮೇಲೆ ಕೆಂಪು ವೃತ್ತಗಳನ್ನು ಬಿಡಿಸಿ ಇಟ್ಟಿದ್ದರಲ್ಲ, ಹಲ್ಲುಜ್ಜುವ ಮುಂಚೆ ಅದನ್ನು ನೋಡಬೇಕು. ಜೊತೆಗೆ ಅವಳದೇ ಒಂದು ಹದಿನಾಲ್ಕು ದಿನಗಳ ಪಂಚಾಂಗವಿತ್ತು. ಸೋಂಕು ತಗುಲಿದ ಎರಡರಿಂದ ಹದಿನಾಲ್ಕು ದಿನಗಳಲ್ಲಿ ಲಕ್ಷಣ ಕಾಣಿಸಿಕೊಳ್ಳಬಹುದು ಅಂತಿದ್ದರಿಂದ, ನಾನು ಹೊರಗೆ ಹೋಗಿ ಬಂದಾಗಲೆಲ್ಲ ಹೊಸದಾಗಿ ಒಂದರಿಂದ ಎಣಿಕೆ. ಒಂದು ಎಣಿಕೆ ಮುಗಿಯುವ ಮುಂಚೆ ಸಾಮಾನು ಖಾಲಿಯಾಗಿ ಇನ್ನೊಮ್ಮೆ ಹೋಗಬೇಕಾಗುತ್ತಿತ್ತು. ಅವಳ ಲೆಕ್ಕದ ಪ್ರಕಾರ ನಾನು ಆ ಇಡೀ ವರ್ಷ ಒಂದು ದಿನವೂ ಸುರಕ್ಷಿತ ಮನುಷ್ಯನಾಗಿರಲಿಲ್ಲ.

ಇವೆಲ್ಲಕ್ಕಿಂತ ಜಾಸ್ತಿ ಅನಾಹುತ ಮಾಡಿದ್ದು ತೊಳೆಯುವ ಕಾರ್ಯಕ್ರಮ. ಮಾರ್ಚ್ ಮಧ್ಯದಲ್ಲಿ ಒಂದು ಸಂಶೋಧನೆ ಬಂತು. ಪ್ರಯೋಗಾಲಯದಲ್ಲಿ ನೋಡಿದಾಗ ವೈರಸ್ ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಯವರೆಗೂ ಸಿಕ್ಕಿತು, ರಟ್ಟಿನ ಮೇಲೆ 24 ಗಂಟೆಯವರೆಗೆ. ನಮಗೆ ಪ್ರಯೋಗಾಲಯ ಬೇರೆ, ಮನೆ ಬೇರೆ ಅಂತ ಅನ್ನಿಸಲೇ ಇಲ್ಲ. ಅಪ್ಪ ಬಂದ ಡಬ್ಬಗಳನ್ನೆಲ್ಲ ಬಾಲ್ಕನಿಯಲ್ಲಿ ಸಾಲಾಗಿ ಕೂರಿಸಿ, ಪ್ರತಿಯೊಂದರ ಮೇಲೂ ಬಿಡುಗಡೆಯ ದಿನ, ಗಂಟೆ ಬರೆದರು. ಬರೆದಾದ ಮೇಲೆ ಕೈಯಲ್ಲಿದ್ದ ಪೆನ್ನು ನೋಡಿಕೊಂಡರು. ಪ್ಲಾಸ್ಟಿಕ್. ಪೆನ್ನನ್ನೂ ಸಾಲಿನಲ್ಲಿ ಕೂರಿಸಿದರು, ಅದರ ಬಿಡುಗಡೆ ಸಮಯ ಬರೆಯಲು ಇನ್ನೊಂದು ಪೆನ್ನು ಕೇಳಿದರು.

ಸೋಪಿನ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ವೈರಸ್ಸಿಗೆ ಜಿಡ್ಡಿನ ಹೊದಿಕೆ ಇದೆ, ಸೋಪು ಅದನ್ನು ಒಡೆಯುತ್ತದೆ, ಇಪ್ಪತ್ತು ಸೆಕೆಂಡ್ ತಿಕ್ಕಿ ಅಂದರು. ಇಷ್ಟು ಸರಳವಾದ, ಇಷ್ಟು ನಿಜವಾದ ಮಾತು ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಆದರೆ ಕೊಳಕು ಕೈಯಿಂದ ನಲ್ಲಿ ತಿರುಗಿಸಿ, ಕೈ ತೊಳೆದು, ಅದೇ ನಲ್ಲಿಯನ್ನು ತೊಳೆದ ಕೈಯಿಂದ ನಿಲ್ಲಿಸುವುದು ಹೇಗೆ? ನಲ್ಲಿ ತೊಳೆದೆವು. ಸೋಪಿನ ಬಾಟಲಿ ಒತ್ತುವ ಜಾಗ? ಅದನ್ನೂ ತೊಳೆದೆವು, ಅದನ್ನೇ ಒತ್ತಿ ಬಂದ ಸೋಪಿನಿಂದ. ಹೆಂಡತಿ ತರಕಾರಿಯನ್ನೂ ಸೋಪಿನಲ್ಲಿ ಹಾಕುವುದರಲ್ಲಿದ್ದಳು. ಹಣ್ಣು ತರಕಾರಿಗೆ ಸೋಪು ಬೇಡ, ಹರಿಯುವ ನೀರು ಸಾಕು ಅಂತ ತಜ್ಞರು ಹೇಳಿದ್ದರಿಂದ ಅವು ಬಚಾವಾದವು. ಉಳಿದದ್ದು ಯಾವುದೂ ಬಚಾವಾಗಲಿಲ್ಲ. ಮನೆಯಲ್ಲಿದ್ದ ಬಾಟಲಿ, ಡಬ್ಬಿ, ಟ್ಯೂಬು ಎಲ್ಲವೂ ಬಕೆಟ್‌ನ ನೊರೆಯಲ್ಲಿ ಮುಳುಗಿ ಎದ್ದವು. ಎದ್ದಾಗ ಮೈಮೇಲಿನ ಚೀಟಿ ಇರಲಿಲ್ಲ. ಒಂದೇ ದಿನದಲ್ಲಿ ಮನೆಯ ವಸ್ತುಗಳೆಲ್ಲ ಹೆಸರು ಕಳೆದುಕೊಂಡವು. ಮುಂದಿನ ವರ್ಷ ಅದೇ ಸಿಡಿಸಿ, ಸೋಂಕಿರುವ ವಸ್ತು ಮುಟ್ಟಿದರೂ ಒಂದು ಸಲಕ್ಕೆ ರೋಗ ಹತ್ತುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಅಂತ ಲೆಕ್ಕ ಕೊಟ್ಟಿತು. ಅಷ್ಟರಲ್ಲಿ ಶಾಂಪೂ ಯಾವುದು, ನೆಲ ಒರೆಸುವ ದ್ರಾವಣ ಯಾವುದು ಅಂತ ನಮಗೆ ಅನುಭವದಿಂದಲೇ ಗೊತ್ತಾಗಿತ್ತು.

ಹೀಗಿರುವಾಗ ವಾಸನೆ ಗೊತ್ತಾಗದಿರುವುದೂ ಒಂದು ಲಕ್ಷಣ ಅಂತ ಸುದ್ದಿ ಬಂತು. ಮನೆಯಲ್ಲಿ ಎಲ್ಲರೂ ಸಿಕ್ಕಿದ್ದನ್ನೆಲ್ಲ ಮೂಸಲು ಶುರುಮಾಡಿದರು. ಆಮೇಲೆ ಒಂದು ದಿನ ಅಪ್ಪ ಕೋಣೆಯ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

"ಯಾರೂ ಹತ್ತಿರ ಬರಬೇಡಿ. ನನಗೆ ಬಂದಿದೆ" ಅಂತ ಒಳಗಿನಿಂದ ಹೇಳಿದರು. ಧ್ವನಿ ಗಂಭೀರವಾಗಿತ್ತು. ನಮ್ಮ ಕೈಕಾಲು ತಣ್ಣಗಾದವು.

ವೈದ್ಯರೊಬ್ಬರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬಾಗಿಲಿಗೆ ಹಿಡಿದೆ. ಏನಾಗುತ್ತಿದೆ ಅಂತ ಅವರು ಕೇಳಿದರು.

"ಮೈ ಕೈ ನೋವು ಡಾಕ್ಟ್ರೇ. ಮುಖ್ಯವಾಗಿ ಮೊಣಕಾಲು. ದಿನಾ ಮುಲಾಮು ಹಚ್ಚುತ್ತಿದ್ದೇನೆ, ಒಂಚೂರೂ ಕಡಿಮೆಯಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಲಾಮಿನ ವಾಸನೆಯೇ ಬರುತ್ತಿಲ್ಲ. ಮೊದಲು ಡಬ್ಬಿ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಉರಿಯೂ ಇಲ್ಲ, ವಾಸನೆಯೂ ಇಲ್ಲ."

"ಬೇರೆ ವಾಸನೆಗಳು ಗೊತ್ತಾಗುತ್ತವಾ?"

ಒಳಗೆ ಸ್ವಲ್ಪ ಹೊತ್ತು ಮೌನ. "ಒಲೆ ಮೇಲೆ ಏನೋ ಸೀಯುತ್ತಿದೆ" ಅಂದರು ಅಪ್ಪ.

ಹೆಂಡತಿ ಅಡುಗೆಮನೆಗೆ ಓಡಿದಳು. ಅಮ್ಮ ಮಾತ್ರ ಕದಲಲಿಲ್ಲ. ಅವರ ಮುಖದಲ್ಲಿ ಬೇರೆಯೇ ಒಂದು ಅನುಮಾನ ಮೂಡುತ್ತಿತ್ತು.

"ರೀ, ಆ ಡಬ್ಬಿ ಇಲ್ಲಿ ಕೊಡಿ."

ಬಾಗಿಲು ಒಂದು ಕೈ ಹಿಡಿಸುವಷ್ಟು ತೆರೆದುಕೊಂಡಿತು. ಚೀಟಿ ಇಲ್ಲದ, ಬಿಳಿಯ, ದುಂಡನೆಯ ಡಬ್ಬಿ ಹೊರಗೆ ಬಂತು. ಅಮ್ಮ ಮುಚ್ಚಳ ತೆಗೆದರು. ಮಗಳು ಹುಟ್ಟುಹಬ್ಬಕ್ಕೆ ಅಂತ ಹಟ ಮಾಡಿ ನನ್ನಿಂದ ಅಜ್ಜಿಗೆ ಕೊಡಿಸಿದ, ಸುವಾಸನೆ ಸೇರಿಸದ, ಅಷ್ಟೇನೂ ಅಗ್ಗವಲ್ಲದ ಮುಖದ ಕ್ರೀಮ್ ಅದು. ತಳ ಕಾಣುತ್ತಿತ್ತು.

"ಅದಕ್ಕೇ ನೋವು ಹೋಗಲಿಲ್ಲ ಅನ್ನು" ಅಂದರು ಅಪ್ಪ, ಚಿಲಕ ತೆಗೆಯುತ್ತಾ.

"ನೋವು ಹೋಗಲಿಲ್ಲ, ಸರಿ" ಅಂದರು ಅಮ್ಮ. "ಸುಕ್ಕು ಹೋಗಿರಬೇಕಲ್ಲ, ನೋಡಿಕೊಳ್ಳಿ."