ಸ್ಟ್ಯಾಂಡ್ ಇಲ್ಲದ ಸೈಕಲ್ಲು

ಮಗ ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ಎಲೆಕ್ಟ್ರಿಕ್ ಮೌಂಟನ್ ಬೈಕನ್ನು ನಮ್ಮ ಮೈಸೂರಿನ ಮನೆಯ ವರಾಂಡದಲ್ಲಿ ಗೋಡೆಗೆ ಒರಗಿಸಿ ಹೋದ. ಒರಗಿಸದೆ ವಿಧಿ ಇರಲಿಲ್ಲ. ಅದಕ್ಕೆ ಸ್ಟ್ಯಾಂಡೇ ಇಲ್ಲ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಲೈಟಿಲ್ಲ, ಬೆಲ್ಲಂತೂ ಇಲ್ಲವೇ ಇಲ್ಲ. ಗುಡ್ಡ ಹತ್ತಿಳಿಯುವವರಿಗೆ ಇವೆಲ್ಲ ದಂಡದ ಭಾರವಂತೆ. "ಅಷ್ಟೊಂದು ದುಡ್ಡು ಕೊಟ್ಟು ಅರ್ಧ ಸೈಕಲ್ ತಗೊಂಡಿದಾನಲ್ರೀ" ಅಂದಳು ನನ್ನ ಹೆಂಡತಿ.

ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಬೇಡಿ ಅಂತ ಮಗ ಹೇಳಿಹೋಗಿದ್ದ. ಹಾಗಾಗಿ ತಿಂಗಳಿಗೊಮ್ಮೆ ಅದಕ್ಕೆ ಚಾರ್ಜ್ ಮಾಡುತ್ತಿದ್ದೆ, ಬಾಕಿ ದಿನ ಅದರ ಮೇಲೆ ಟವೆಲ್ ಒಣಗುತ್ತಿತ್ತು. ಅಷ್ಟರಲ್ಲಿ ನನಗೆ 66 ತುಂಬಿತು, ಮಂಡಿ ಮಾತಾಡತೊಡಗಿತು. ಡಾಕ್ಟರು "ಮೆಟ್ಟಿಲು ಕಡಿಮೆ ಮಾಡಿ, ಸೈಕಲ್ ಬೇಕಾದರೆ ತುಳಿಯಿರಿ" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ಲು ಅಂತ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನಾನು ಮಡಿಕೇರಿಗೆ ಹೋಗುವುದು ಅಂತ ತೀರ್ಮಾನ ಮಾಡಿಯಾಗಿತ್ತು.

ಮೊದಲ ದಿನ ಟವೆಲ್ ತೆಗೆದು ಶ್ರೀರಂಗಪಟ್ಟಣಕ್ಕೆ ಹೋಗಿಬಂದೆ. ಬೆನ್ನು ಬಗ್ಗಿ ಹೋಯಿತು, ಅಂಗೈ ಜೋಮು ಹಿಡಿಯಿತು. ಸೀಟಿನ ವಿಷಯ ಮಾತಾಡದಿರುವುದೇ ಒಳ್ಳೆಯದು. ದಪ್ಪ ಹಲ್ಲಿನ ಟಯರು ಟಾರು ರಸ್ತೆಯ ಮೇಲೆ ದಾರಿಯುದ್ದಕ್ಕೂ ಜೀರುಂಡೆಯ ಹಾಗೆ ಝುಂ ಎನ್ನುತ್ತಿತ್ತು. ಹಾಗೆ ಝುಂ ಎನ್ನುವುದಕ್ಕೂ ಬ್ಯಾಟರಿಯೇ ಖರ್ಚಾಗಬೇಕು, ಅಲ್ವಾ? ನಾನು ಬ್ಯಾಂಕಿನಲ್ಲಿ 34 ವರ್ಷ ಕೂತವನು. ಇಂಥ ಸೋರಿಕೆ ಸಹಿಸುವುದು ಕಷ್ಟ.

ಸೈಕಲ್ ಶಾಪಿನ ಹುಡುಗ ನನ್ನನ್ನು "ಅಂಕಲ್" ಅಂತ ಕರೆಯುತ್ತಾನೆ. ಅದೊಂದನ್ನು ಬಿಟ್ಟರೆ ಕೆಲಸಗಾರ. ಟಯರು ಬದಲಾಯಿಸಿದ. ನುಣುಪಾದ, ಸ್ವಲ್ಪ ಸಣ್ಣ ಟಯರು ಬಂತು, ಝುಂ ನಿಂತಿತು. ಕ್ಯಾರಿಯರ್ ಮಾತ್ರ ಸತಾಯಿಸಿತು. ಫ್ರೇಮಿನಲ್ಲಿ ಬೋಲ್ಟ್ ಹಾಕುವ ತೂತೇ ಇಲ್ಲ. "ವೆಲ್ಡಿಂಗ್ ಮಾಡಿಸಿಬಿಡು" ಅಂದೆ. "ಅಲ್ಯೂಮಿನಿಯಂ ಅಂಕಲ್, ವೆಲ್ಡಿಂಗ್ ಮಾಡಿದ್ರೆ ಫ್ರೇಮೇ ವೀಕ್ ಆಗುತ್ತೆ" ಅಂದ. ಕೊನೆಗೆ ರಬ್ಬರ್ ಹಾಕಿದ ಕ್ಲಾಂಪುಗಳನ್ನು ಹಿಡಿಸಿದೆವು. ಆಮೇಲೆ ಕ್ಯಾರಿಯರಿನ ಕಾಲು ಡಿಸ್ಕ್ ಬ್ರೇಕಿಗೆ ತಗುಲಿತು. ಉದ್ದದ ಬೋಲ್ಟಿಗೆ ನಾಲ್ಕು ವಾಷರ್ ಪೋಣಿಸಿ ಅದನ್ನೂ ಪಕ್ಕಕ್ಕೆ ಸರಿಸಿದ. ಹಿಂದಿನ ಚಕ್ರದ 28 ಹಲ್ಲಿನ ಫ್ರೀವೀಲ್ ಹೋಗಿ 34 ಹಲ್ಲಿನದು ಬಂತು, ಏರಿನಲ್ಲಿ ತುಳಿತ ಹಗುರಾಗಲಿ ಅಂತ, ನನ್ನ ಮಂಡಿಯ ಹೆಸರಿನಲ್ಲಿ. ಮುಂದಿನ ಶಾಕಪ್ ತೆಗೆಯಬೇಕು ಅಂತ ಬಲ್ಲವರು ಹೇಳಿದರು. ನಾನು ಒಪ್ಪಲಿಲ್ಲ. ನಮ್ಮಲ್ಲಿ ಹಳ್ಳಿಗೆರಡು ರೋಡ್ ಹಂಪು ಇರುವ ತನಕ ಶಾಕಪ್ಪು ಇರಲಿ.

ಆಮೇಲೆ ಮಡ್‌ಗಾರ್ಡ್. ಆಮೇಲೆ ಬೆಲ್. ಆಮೇಲೆ ಸ್ಟ್ಯಾಂಡ್. ಲೈಟು. ಬೆನ್ನು ನೆಟ್ಟಗಿರಲಿ ಅಂತ ನನ್ನ ಕಡೆಗೆ ಬಾಗಿದ ಹ್ಯಾಂಡಲ್. ಕೊನೆಯದಾಗಿ ಸ್ಪ್ರಿಂಗ್ ಇರುವ ಅಗಲದ ಸೀಟು. ಎಲ್ಲ ಮುಗಿಸಿ, ಸ್ಟ್ಯಾಂಡ್ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

ಅಪ್ಪನದು ಕರೀ ಹರ್ಕ್ಯುಲಿಸ್. ಹುಣಸೂರಿನ ಹತ್ತಿರದ ಹಳ್ಳಿಶಾಲೆಯ ಮೇಷ್ಟ್ರು ಅವರು. ನಾನು ಈಗ ಒಂದೊಂದಾಗಿ ದುಡ್ಡು ಕೊಟ್ಟು ಹಾಕಿಸಿದ್ದೆಲ್ಲ ಆ ಸೈಕಲ್ಲಿನಲ್ಲಿ ಇತ್ತು. ಡೈನಮೋ ಇತ್ತು, ಅಂದರೆ ಲೈಟಿಗೆ ಚಾರ್ಜರ್ ಕೂಡ ಬೇಕಿರಲಿಲ್ಲ. ಕ್ಯಾರಿಯರ್ ಮೇಲೆ ಅರ್ಧ ಮೂಟೆ ಅಕ್ಕಿ, ಬಾರಿನ ಮೇಲೆ ತಂಗಿ, ನಾನು ಹಿಂದೆ ಓಡುತ್ತಾ. ಆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದೇ ನಾನು ಸೈಕಲ್ ಕಲಿತದ್ದು. ಇನ್ನೊಂದು ತಮಾಷೆ. ಅಪ್ಪ ವರ್ಷ ವರ್ಷ ಪುರಸಭೆಗೆ ದುಡ್ಡು ಕಟ್ಟಿ ಸೈಕಲ್ಲಿಗೆ ಲೈಸೆನ್ಸಿನ ತಗಡು ಬಿಲ್ಲೆ ತರುತ್ತಿದ್ದರು. ನನ್ನದಕ್ಕೆ ಮೋಟಾರಿದ್ದರೂ ಯಾವ ಬಿಲ್ಲೆಯೂ ಬೇಡ. ಮೋಟಾರು 250 ವ್ಯಾಟಿನ ಒಳಗಿದ್ದು, ವೇಗ 25 ಕಿಲೋಮೀಟರ್ ದಾಟದಿದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ರಿಜಿಸ್ಟ್ರೇಷನ್ ಬೇಡ, ಡಿಎಲ್ ಬೇಡ. ಅಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ.

ಇನ್ನು ಬ್ಯಾಟರಿ. 36 ವೋಲ್ಟ್, 10.4 ಆಂಪಿಯರ್-ಅವರ್. ಗುಣಿಸಿದರೆ 374 ವ್ಯಾಟ್-ಅವರ್. ಸಾವಿರ ವ್ಯಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಅಂದರೆ ಪೂರ್ತಿ ತುಂಬಿಸಿದರೂ ಅರ್ಧ ಯೂನಿಟ್ ಕರೆಂಟಿಲ್ಲ. ನಾನು ಹಗುರವಾಗಿ ತುಳಿಯುತ್ತಾ ಮೋಟಾರಿನ ಸಹಾಯ ಕಡಿಮೆಯಲ್ಲಿಟ್ಟರೆ ಕಿಲೋಮೀಟರಿಗೆ ಐದೂವರೆಯಿಂದ ಆರು ವ್ಯಾಟ್-ಅವರ್ ಖರ್ಚು. ಒಂದು ಹಳೇ ಪಾಸ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇದೇ ಲೆಕ್ಕ ಬರೆದೆ. ನನ್ನ ತೂಕ, ಸೈಕಲ್, ಎರಡು ಚೀಲ, ನೀರು ಸೇರಿ 110 ಕಿಲೋ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 300 ಮೀಟರ್ ಮೇಲೇರಬೇಕು. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ್ದು 90 ವ್ಯಾಟ್-ಅವರ್. 9 ವ್ಯಾಟಿನ ಎಲ್‌ಇಡಿ ಬಲ್ಬು ಹತ್ತು ಗಂಟೆ ಉರಿದಷ್ಟು! ಬಚ್ಚಲಮನೆಯ ಲೈಟ್ ಆರಿಸದೆ ಬಂದೆನೆಂದು ಹೆಂಡತಿ ಬೈಯುವಾಗೆಲ್ಲ ನನಗೀಗ ಮಡಿಕೇರಿ ನೆನಪಾಗುತ್ತದೆ.

ಅಕ್ಟೋಬರ್ ಕೊನೆಯಲ್ಲಿ ಬೆಳಗಿನ ಐದೂವರೆಗೆ ಹೊರಟೆ. ಸಪಾಟು ಬಂದಲ್ಲಿ ಮೋಟಾರು ಆಫ್, ಏರು ಬಂದಲ್ಲಿ ಆನ್. ನನ್ನ ಶಕ್ತಿ ಪೆನ್ಷನ್ ಇದ್ದ ಹಾಗೆ, ದಿನವೂ ಇಷ್ಟಿಷ್ಟು ಬರುತ್ತದೆ. ಬ್ಯಾಟರಿ ಎಫ್‌ಡಿ. ಅದನ್ನು ಸುಮ್ನೆ ಮುರಿಸಬಾರದು. ಹುಣಸೂರಿನಲ್ಲಿ ಒಂದು ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತು, ಪ್ಲಗ್ ಕೇಳಿದೆ. ಮಾಲೀಕರು "ಕರೆಂಟ್ ಜಾಸ್ತಿ ಎಳೆಯುತ್ತಾ?" ಅಂದರು. ಎರಡು ಗಂಟೆಗೆ 150 ವ್ಯಾಟ್-ಅವರ್, ನಿಮ್ಮ ಫ್ಯಾನಿಗಿಂತ ಸ್ವಲ್ಪ ಹೆಚ್ಚು ಅಂದೆ. ಅರ್ಥವಾಗಲಿಲ್ಲವೋ, ಅಥವಾ ಚೆನ್ನಾಗಿಯೇ ಅರ್ಥವಾಯಿತೋ, ಚಾರ್ಜಿಗೆ ದುಡ್ಡು ಬೇಡ ಅಂದರು. ಎರಡು ಗಂಟೆ ಖಾಲಿ ಕೂರುವುದು ಹೇಗೆ ಅಂತ ನಾನು ಎರಡು ದೋಸೆ, ಒಂದು ವಡೆ, ಮೂರು ಕಾಫಿ ತಗೊಂಡೆ.

ನಿಂತಲ್ಲೆಲ್ಲ ಜನ ಕೇಳುವ ಪ್ರಶ್ನೆ ನಾಲ್ಕೇ. ಎಷ್ಟಾಯ್ತು? ಮೈಲೇಜ್ ಎಷ್ಟು? ಇಳಿಜಾರಲ್ಲಿ ತಾನೇ ಚಾರ್ಜ್ ಆಗುತ್ತಾ? ಆಗುವುದಿಲ್ಲ. ನನ್ನಂಥ ಸೈಕಲ್ಲಿನಲ್ಲಿ ಇಳಿಯುವಾಗ ಬ್ರೇಕ್ ಬಿಸಿಯಾಗುತ್ತದೆ ಅಷ್ಟೆ. ನಾಲ್ಕನೆಯದು, "ಈ ವಯಸ್ಸಲ್ಲಿ ಯಾಕೆ?" ಇದಕ್ಕೆ ಉತ್ತರ ಹೇಳುವ ಮೊದಲೇ ಅವರು ಬೆಲ್ ಒತ್ತಿ ನೋಡುತ್ತಿರುತ್ತಾರೆ.

ಪಿರಿಯಾಪಟ್ಟಣ ದಾಟಿದ ಮೇಲೆ ಹಿಂದಿನ ಚಕ್ರ ಪಂಕ್ಚರ್. ಮೋಟಾರಿರುವ ಚಕ್ರ ಬಿಚ್ಚುವುದೆಂದರೆ ವೈರ್ ಕಳಚಬೇಕು, 18ರ ಸ್ಪಾನರ್ ಬೇಕು, ವಾಷರ್ ಯಾವ ಕಡೆ ಇತ್ತು ಅಂತ ನೆನಪಿಡಬೇಕು. ನೋಡಿ ಕಲಿತಿದ್ದೆ, ಮಾಡಿ ಅಲ್ಲ. ತಳ್ಳಿಕೊಂಡು ಹೋದಾಗ ಹುಣಸೆಮರದ ಕೆಳಗೆ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ನನಗಿಂತ ಹಿರಿಯರು ಒಬ್ಬರು ಕೂತಿದ್ದರು. ಸ್ಪಾನರ್ ಕೊಡಹೋದೆ. "ಚಕ್ರ ಯಾಕೆ ಬಿಚ್ಚಬೇಕು ಸ್ವಾಮಿ?" ಅಂದರು. ಸೈಕಲ್ ಮಲಗಿಸಿ, ಟಯರಿನ ಒಂದು ಪಕ್ಕ ಎಬ್ಬಿಸಿ, ಟ್ಯೂಬನ್ನು ಅಲ್ಲಿಂದಲೇ ಹೊರಗೆಳೆದು, ನೀರಿನ ಬಾಣಲಿಯಲ್ಲಿ ಇಷ್ಟಿಷ್ಟೇ ಮುಳುಗಿಸಿ ಗುಳ್ಳೆ ಹುಡುಕಿದರು. ಹರ್ಕ್ಯುಲಿಸ್ ಪಂಕ್ಚರ್ ಆದಾಗಲೂ ಹೀಗೇ ಮಾಡುತ್ತಿದ್ದರು. ನಾನು ಮರೆತೇಬಿಟ್ಟಿದ್ದೆ.

ಕೆಲಸ ಮುಗಿಸಿ ಅವರು ಸೈಕಲ್ಲನ್ನು ಸುತ್ತ ಬಂದು ನೋಡಿದರು. ಕ್ಯಾರಿಯರನ್ನು ಅಲ್ಲಾಡಿಸಿದರು. ಮೋಟಾರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಎಲ್ಲಾ ಹಾಕ್ಸಿದೀರಿ. ಚೈನ್ ಕವರ್ ಯಾಕೆ ಬಿಟ್ರಿ?" ಅಂದರು. ಅವರು ನೋಡುತ್ತಿದ್ದದ್ದು ನನ್ನ ಪ್ಯಾಂಟಿನ ಬಲಗಾಲನ್ನು. ಮೈಸೂರಿನಿಂದ ಅಲ್ಲಿಯ ತನಕದ ಗ್ರೀಸೆಲ್ಲ ಅಲ್ಲಿತ್ತು. ನಾನು ಏನೋ ಹೇಳುವಷ್ಟರಲ್ಲಿ ಅವರು ಹಳೇ ಟ್ಯೂಬಿನಿಂದ ಎರಡು ಬೆರಳಗಲದ ಒಂದು ಬಳೆ ಕತ್ತರಿಸಿ ಕೈಗಿಟ್ಟರು. ಪ್ಯಾಂಟ್ ಮಡಿಸಿ ಕಾಲಿಗೆ ಹಾಕಿಕೊಂಡೆ. ಸ್ವಲ್ಪ ಬಿಗಿಯಾಯಿತು, ಆದರೂ ಮಡಿಕೇರಿಯ ತನಕ ತೆಗೆಯಲಿಲ್ಲ.